ಮಿಷಿಗನ್ ಸರೋವರದ ಮರಳುದಿಬ್ಬ: ಅಕ್ಟೋಬರ್‌ನಲ್ಲಿ ಫೋಟೋಗೆ ಯಾವ ಕಡೆ ಹೋಗಲಿ?

ಬುಕ್ಕಾಪಟ್ಣ_ಬಿಸಿಲು:
ನಾನು ತುಮಕೂರಿನವನು. ಅಕ್ಟೋಬರ್ ಎರಡನೇ ವಾರ ಶಿಕಾಗೋದಲ್ಲಿರುವ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಎರಡು ದಿನ ಎಲ್ಲಿಗೆ ಬೇಕೋ ಅಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ ಭಾವ. ಇಲ್ಲಿವರೆಗೆ ನಾನು ತೆಗೆದದ್ದು ಮೈದಾಳ ಕೆರೆ, ದೇವರಾಯನದುರ್ಗದ ಮೋಡ, ಅಷ್ಟೇ. ಸರೋವರದ ದಡದಲ್ಲಿ ಗುಡ್ಡದಂಥ ಮರಳುದಿಬ್ಬ ಅಂದಾಗ ನಂಬೋಕೇ ಆಗಲಿಲ್ಲ. ನಮ್ಮ ಕೆರೆ ಪಕ್ಕ ಜಾಲಿ ಬಿಟ್ಟರೆ ಏನಿದೆ ಹೇಳಿ. ಇಂಡಿಯಾನಾ ಡ್ಯೂನ್ಸ್ ಹತ್ತಿರ, ಸ್ಲೀಪಿಂಗ್ ಬೇರ್ ಡ್ಯೂನ್ಸ್ ದೂರ. ಯಾವುದು? ಮುಂದೆ ಮರಳಿನ ಗೆರೆ, ಹಿಂದೆ ನೀರಿಗೆ ಇಳಿಯುವ ಸೂರ್ಯ, ಇದೊಂದು ಸಿಕ್ಕರೆ ಸಾಕು.

ಗೌರಿಬಿದನೂರು_ಹುಡುಗಿ:
ಆ ಫೋಟೋನೇ ಬೇಕಾದರೆ ಸ್ಲೀಪಿಂಗ್ ಬೇರ್. ದೂರ ನೋಡಬೇಡಿ, ದಿಕ್ಕು ನೋಡಿ. ಇಂಡಿಯಾನಾ ಡ್ಯೂನ್ಸ್ ಇರುವುದು ಸರೋವರದ ದಕ್ಷಿಣ ತುದಿಯಲ್ಲಿ, ಅಲ್ಲಿ ನಿಂತರೆ ನೀರು ಉತ್ತರಕ್ಕೆ. ಜೂನ್‌ನಲ್ಲಿ ಸೂರ್ಯ ವಾಯವ್ಯಕ್ಕೆ ಸರಿದು ಶಿಕಾಗೋ ಕಟ್ಟಡಗಳ ಹತ್ತಿರವೇ ಮುಳುಗುತ್ತಾನೆ, ಅದು ನೋಡೋಕೆ ಸಖತ್ತಾಗಿರುತ್ತದೆ. ಅಕ್ಟೋಬರ್‌ಗೆ ಪಶ್ಚಿಮದಿಂದಲೂ ಸ್ವಲ್ಪ ದಕ್ಷಿಣಕ್ಕೆ ಬಂದಿರುತ್ತಾನೆ, ಅಂದರೆ ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಗಳ ಕಡೆ, ನೆಲದ ಮೇಲೆ. ಸ್ಲೀಪಿಂಗ್ ಬೇರ್ ಪೂರ್ವ ದಡ. ಅಲ್ಲಿ ನೀರೇ ಪಶ್ಚಿಮ. ಐದು ಗಂಟೆಗಿಂತ ಜಾಸ್ತಿ ದಾರಿ, ರಾತ್ರಿ ಅಲ್ಲೇ ಉಳಿಯಿರಿ.

ಪಿಯರ್ಸ್ ಸ್ಟಾಕಿಂಗ್ ಅನ್ನೋ ರಸ್ತೆಯಲ್ಲಿ ನೀರಿಗಿಂತ ಸುಮಾರು 450 ಅಡಿ ಮೇಲಿಂದ ನೋಡುವ ಜಾಗ ಇದೆ. ಮೇಲಿಂದ ನೋಡಿ, ಕೆಳಗೆ ಇಳಿಯೋ ಹುಚ್ಚು ಬೇಡ. ಇಳಿಯುವುದು ಮಜಾ, ಹತ್ತುವಾಗ ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಜಾರುತ್ತದೆ, ಕ್ಯಾಮೆರಾ ಬ್ಯಾಗ್ ಬೇರೆ. ಡ್ರೋನ್ ಒಯ್ಯಬೇಡಿ, ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ನಿಷೇಧ.

ದೊಡ್ಡ ದೃಶ್ಯ ಸಿಕ್ಕಮೇಲೆ ಕಾಲ ಬುಡ ನೋಡಿ. ದಿಬ್ಬದ ಮೇಲೆ ಒಂದು ಥರ ಉದ್ದನೆ ಹುಲ್ಲು ಬೆಳೆಯುತ್ತದೆ, ಮ್ಯಾರಮ್ ಅಂತಾರೆ. ಗಾಳಿಗೆ ಬಾಗಿದ ಎಲೆತುದಿ ಮರಳು ಕೆರೆದು ಬುಡದ ಸುತ್ತ ದುಂಡಗೆ ಗೆರೆ ಎಳೆದಿರುತ್ತದೆ, ಥೇಟ್ ಕೈವಾರ ಇಟ್ಟು ಎಳೆದ ಹಾಗೆ (ಚಿಂತಾಮಣಿ ಹತ್ತಿರದ ಕೈವಾರ ಅಲ್ಲ, ಜಾಮೆಟ್ರಿ ಬಾಕ್ಸಿನದು). ಬೆಳಗ್ಗೆ ಓರೆ ಬಿಸಿಲಿಗೆ ಅದನ್ನು ತೆಗೆದುಕೊಳ್ಳಿ. ಆದರೆ ಹುಲ್ಲು ತುಳಿಯಬೇಡಿ, ದಿಬ್ಬ ಹಿಡಿದು ನಿಲ್ಲಿಸಿರುವುದೇ ಅದರ ಬೇರು.

ಇಂಡಿಯಾನಾ ಬಿಟ್ಟೇಬಿಡಿ ಅಂತಲ್ಲ. ಶಿಕಾಗೋದಿಂದ ರೈಲಿದೆ, ಒಂದು ಬೆಳಗ್ಗೆ ಸಾಕು. ಒಣಮರಳು ತುಳಿದರೆ ಕೀಚ್ ಕೀಚ್ ಅನ್ನುತ್ತದೆ. ಮೌಂಟ್ ಬಾಲ್ಡಿ ದಿಬ್ಬದಲ್ಲಿ ಮಾತ್ರ ಹುಷಾರು. ಗಾಳಿಗೆ ಸರಿಯುತ್ತಾ ಮರಗಳನ್ನೇ ನುಂಗಿದ ದಿಬ್ಬ ಅದು. ಹೂತ ಮರ ಕೊಳೆತು ಒಳಗೆ ಪೊಳ್ಳಾಗಿ 2013ರಲ್ಲಿ ಒಬ್ಬ ಹುಡುಗ ಗುಂಡಿಯೊಳಗೆ ಸಿಕ್ಕಿಬಿದ್ದಿದ್ದ, ಪುಣ್ಯಕ್ಕೆ ಉಳಿದ.

ಎರಡನೇ_ಬೆಂಚು:
ತಲಕಾಡಿಗೆ ಹೋಗಿ ಬಾ ಗುರು, ವೀಸಾ ಬೇಡ.

ಕೋಲಾರ_ಕ್ಯಾಮೆರಾ:
ತಲಕಾಡು ಕಾವೇರಿ ಮರಳು, ಚೆನ್ನಾಗಿದೆ, ಆದರೆ ಪ್ರಶ್ನೆ ಅದಲ್ಲ ಅಲ್ವಾ.

ನಾನು ಅಮೆರಿಕ ನೋಡಿಲ್ಲ. ಕೆಜಿಎಫ್ ಸೈನೈಡ್ ದಿಬ್ಬ ಮಾತ್ರ ಬೇಕಾದಷ್ಟು ನೋಡಿದ್ದೇನೆ. ಚಿನ್ನ ತೆಗೆದಮೇಲೆ ಉಳಿದ ಕಲ್ಲುಪುಡಿ ಅದು, ಗಣಿ 2001ರಲ್ಲಿ ಮುಚ್ಚಿದರೂ ದಿಬ್ಬ ಹಾಗೇ ನಿಂತಿವೆ. ಬೆಳಕಿನ ಪಾಠ ನನಗೆ ಆಗಿದ್ದು ಅವನ್ನು ದೂರದಿಂದ ತೆಗೆದು. ಮಧ್ಯಾಹ್ನ ತೆಗೆದರೆ ಬರೀ ಬಿಳಿ ಗೋಡೆ. ಅದೇ ಬೆಳಗ್ಗೆ ಆರೂವರೆಗೆ ಮಳೆನೀರು ಕೊರೆದ ಒಂದೊಂದು ಗೀರೂ ನೆರಳು ಬಿಟ್ಟು ಎದ್ದು ಕಾಣುತ್ತದೆ. ಇನ್ನೊಂದು, ತೆಳುಬಣ್ಣದ ಮರಳು ಫ್ರೇಮ್ ತುಂಬಿದ್ದರೆ ಕ್ಯಾಮೆರಾ ಮೋಸ ಹೋಗಿ ಬೂದಿ ಬಣ್ಣ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿ ನೋಡಿ, ಅಂದರೆ ಕ್ಯಾಮೆರಾಗೆ ಎರಡರಷ್ಟು ಬೆಳಕು ಬಿಡಿ. ಅಭ್ಯಾಸಕ್ಕೆ ಬರೋದಾದರೆ ರಸ್ತೆಯಿಂದಲೇ ತೆಗೆಯಿರಿ, ಆಷಾಢದ ಗಾಳಿಯಲ್ಲಂತೂ ಬೇಡ, ಆ ಧೂಳು ಒಳ್ಳೆಯದಲ್ಲ.

ಮರಳಲ್ಲಿ ಲೆನ್ಸ್ ಬದಲಾಯಿಸಲೇಬೇಡಿ. ತಲಕಾಡಿನಲ್ಲಿ ನಾನು ಬದಲಾಯಿಸಿದೆ. ಜೂಮ್ ತಿರುಗಿಸಿದರೆ ಈಗಲೂ ಕರಕರ ಅನ್ನುತ್ತದೆ, ರಿಪೇರಿ ಅಂಗಡಿಯವನು ಎರಡು ಸಲ ದುಡ್ಡು ತಗೊಂಡ, ಶಬ್ದ ಮಾತ್ರ ಹೋಗಲಿಲ್ಲ.

ಬುಕ್ಕಾಪಟ್ಣ_ಬಿಸಿಲು:
ಸ್ಲೀಪಿಂಗ್ ಬೇರ್ ಫಿಕ್ಸ್. ದಿಕ್ಕಿನ ವಿಷಯ ಭಾವನಿಗೂ ಹೊಳೆದಿರಲಿಲ್ಲ, ಹತ್ತು ವರ್ಷದಿಂದ ಅಲ್ಲೇ ಇದ್ದಾರೆ. ಟ್ರೈಪಾಡ್ ಕಾಲಿಗೂ ಮರಳು ಹೋಗುತ್ತಾ?

ಕೋಲಾರ_ಕ್ಯಾಮೆರಾ:
ಹೋಗದೆ ಇನ್ನೇನು. ಕೆಳಗಿನ ಲಾಕ್ ಮುಚ್ಚುವ ಹಾಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಹಾಲಿನ ಕವರ್ ತೊಳೆದು ಒಣಗಿಸಿ ಮೂರು ಇಟ್ಟುಕೊಳ್ಳಿ ಸಾಕು.