ಆನರ್ಸ್ ನಾಲ್ಕನೇ ವರ್ಷ: ಪ್ರಾಧ್ಯಾಪಕಿಯನ್ನು ಕೇಳಿ

ಪದವಿ ವಿದ್ಯಾರ್ಥಿಗಳು ಮತ್ತು ಪೋಷಕರ ಗುಂಪು, ಬೆಂಗಳೂರು. ಇವತ್ತಿನ ವಿಷಯ ಮೂರು ವರ್ಷದ ಪದವಿಯ ಮೇಲೆ ಓದುವ ನಾಲ್ಕನೇ ವರ್ಷ, ಅಂದರೆ ಆನರ್ಸ್. ಉತ್ತರಿಸುವವರು ಸರ್ಕಾರಿ ಕಾಲೇಜಿನ ಅರ್ಥಶಾಸ್ತ್ರ ಪ್ರಾಧ್ಯಾಪಕಿ.

ಯಲಹಂಕದ ತಂದೆ: ನಮಸ್ಕಾರ ಮೇಡಂ. ಮಗ 2024ರಲ್ಲಿ ಸರ್ಕಾರಿ ಕಾಲೇಜಲ್ಲಿ ಬಿ.ಕಾಂ. ಸೇರಿದ. ನಾಲ್ಕನೇ ವರ್ಷ ಓದಲೇಬೇಕಾ?

ಪ್ರಾಧ್ಯಾಪಕಿ: ನಮಸ್ಕಾರ. ಬೇಡ. 2024-25ರಿಂದ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೇ ಮರಳಿದೆ. 2021, 2022, 2023ರಲ್ಲಿ ಸೇರಿದವರಿಗೆ ಆನರ್ಸ್ ಆಯ್ಕೆ ಇದೆ, ಅವರಿಗೂ ಕಡ್ಡಾಯವಲ್ಲ. ಖಾಸಗಿ, ಡೀಮ್ಡ್ ವಿವಿಗಳ ಲೆಕ್ಕ ಬೇರೆ, ಅಲ್ಲೇ ವಿಚಾರಿಸಿ.

ಕೋಲಾರದಿಂದ ಬಂದ ವಿದ್ಯಾರ್ಥಿ: ಆನರ್ಸ್ ವರ್ಷಕ್ಕೂ ಹಾಸ್ಟೆಲ್ ಮುಂದುವರಿಸ್ತಾರಾ ಮೇಡಂ?

ವಿಜಯನಗರದ ವಿದ್ಯಾರ್ಥಿನಿ: ಮೇಡಂ, ಬಿ.ಎ. ಅರ್ಥಶಾಸ್ತ್ರ, 2023ರ ಬ್ಯಾಚ್. ಆರು ಸೆಮಿಸ್ಟರ್ ಸೇರಿ ಶೇ. 74.2. ಪಿಎಚ್.ಡಿ. ಮಾಡೋ ಆಸೆ ಇದೆ. ರಿಸರ್ಚ್ ಆನರ್ಸ್‌ಗೆ, ಅಂದ್ರೆ ಸಂಶೋಧನೆ ಮಾಡಿ ಡಿಸರ್ಟೇಶನ್ (ಸಂಶೋಧನಾ ಪ್ರಬಂಧ) ಬರೆಯೋ ನಾಲ್ಕನೇ ವರ್ಷಕ್ಕೆ, ಶೇ. 75 ಬೇಕಂತೆ. ಒಂದು ಪ್ರಾಜೆಕ್ಟ್ ಸೆಂಟರ್‌ನವರು ಸೀಟು ಕೊಡಿಸ್ತೀವಿ, ಡಿಸರ್ಟೇಶನ್ನೂ ಬರೆದುಕೊಡ್ತೀವಿ ಅಂತ ಅಡ್ವಾನ್ಸ್ ಕೇಳ್ತಿದ್ದಾರೆ. ಅಪ್ಪ ಆಟೊ ಓಡಿಸ್ತಾರೆ, ನಾಳೆ ಕೊಡ್ತೀನಿ ಅಂದಿದ್ದಾರೆ.

ಪ್ರಾಧ್ಯಾಪಕಿ: ಮೊದಲು ಅಪ್ಪನಿಗೆ ಫೋನ್ ಮಾಡಮ್ಮ. ಒಂದು ರೂಪಾಯಿ ಕೂಡ ಕೊಡೋದು ಬೇಡ ಅನ್ನು.

ರಿಸರ್ಚ್ ಆನರ್ಸ್‌ಗೆ ನೋಡೋದು ಮೊದಲ ಆರು ಸೆಮಿಸ್ಟರಿನ ಶೇ. 75. ನಿನ್ನ 74.2ನ್ನು ಯಾವ ಸೆಂಟರ್‌ನವರೂ ತಿದ್ದಲಾರರು. ಆದರೆ ಡಿಸರ್ಟೇಶನ್ ಇಲ್ಲದ ಆನರ್ಸೂ ಇದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಅದಕ್ಕೆ ಈ ಷರತ್ತಿಲ್ಲ. ಕ್ರೆಡಿಟ್ ಅಂದರೆ ಓದಿನ ಹೊರೆಯ ಅಳತೆ. 12 ಕ್ರೆಡಿಟ್‌ನ ಡಿಸರ್ಟೇಶನ್ ಬದಲು ಅಷ್ಟೇ ಕ್ರೆಡಿಟ್‌ನ ಪೇಪರ್‌ಗಳನ್ನು ಓದುತ್ತೀಯ, ಒಟ್ಟು 160 ಕ್ರೆಡಿಟ್ ಎರಡಕ್ಕೂ ಒಂದೇ.

2022ರ ಯುಜಿಸಿ ನಿಯಮದಂತೆ, ನಾಲ್ಕು ವರ್ಷದ ಪದವಿಯಿಂದ ನೇರ ಪಿಎಚ್.ಡಿ.ಗೆ ಒಟ್ಟಾರೆ ಶೇ. 75 ಬೇಕು. ಪ್ರತಿ ಸೆಮಿಸ್ಟರಿಗೂ ಸಮ ಕ್ರೆಡಿಟ್ ಅಂತ ಹಿಡಿದರೆ, ಉಳಿದೆರಡರಲ್ಲಿ ಸರಾಸರಿ 77.4 ತೆಗೆದರೆ ನೀನು ಮುಟ್ಟುತ್ತೀಯ. ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ. 5 ಸಡಿಲಿಕೆ ಇದೆ. ಜಾತಿ ಪ್ರಮಾಣಪತ್ರ ಇದ್ದರೆ ಈಗಲೇ ಸರಿಮಾಡಿಸಿಟ್ಟುಕೊ. ಮುಟ್ಟದಿದ್ದರೂ ಎಂ.ಎ. ಮುಗಿಸಿ ಶೇ. 55ರ ಮೇಲೆ ಪಿಎಚ್.ಡಿ.ಗೆ ಹೋಗುವ ದಾರಿ ಇದ್ದೇ ಇದೆ.

ಬರೆಸಿದ ಡಿಸರ್ಟೇಶನ್ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೆ. ಯಶವಂತಪುರ ಎಪಿಎಂಸಿ ಈರುಳ್ಳಿ ಬೆಲೆ ಬಗ್ಗೆ ಅಂತ ಒಬ್ಬ ಹುಡುಗ ವರದಿ ತಂದಿದ್ದ. ಮೂರನೇ ಕೋಷ್ಟಕದ ತಲೆಯಲ್ಲಿ ಇನ್ಯಾವುದೋ ಊರಿನ ಮಾರುಕಟ್ಟೆಯ ಹೆಸರು ಹಾಗೇ ಉಳಿದಿತ್ತು. ಅವನಿಗೆ ಕ್ವಿಂಟಲ್ ದರ ಓದೋಕೂ ಬರಲಿಲ್ಲ. ದುಡ್ಡು ಹೋಯ್ತು, ವರ್ಷವೂ ಹೋಯ್ತು.

ಹೆಬ್ಬಾಳದ ಸದಸ್ಯ: (ಫಾರ್ವರ್ಡ್) ಆನರ್ಸ್ ಮುಗಿಸಿದವರಿಗೆ ಎಂ.ಎ. ಬೇಡ, ನೇರ ಅಸಿಸ್ಟೆಂಟ್ ಪ್ರೊಫೆಸರ್! ಎಲ್ಲ ಗುಂಪಿಗೂ ಕಳಿಸಿ!

ಪ್ರಾಧ್ಯಾಪಕಿ: ಸುಳ್ಳು. ಆನರ್ಸ್‌ನಲ್ಲಿ ಶೇ. 75 ಇದ್ದವರು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬಹುದು, ಜೆಆರ್‌ಎಫ್‌ಗೆ (ಸಂಶೋಧನೆಗೆ ಕೊಡುವ ಫೆಲೋಶಿಪ್) ಮತ್ತು ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ. ಪಾಠ ಮಾಡುವ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕು. ಇಂಥದ್ದನ್ನು ನಂಬಿ ಎಂ.ಎ. ಅರ್ಜಿ ಹಾಕದೆ ಕೂತ ಮಕ್ಕಳಿದ್ದಾರೆ. ದಯವಿಟ್ಟು ಅಳಿಸಿ.

ಮಲ್ಲೇಶ್ವರದ ಸದಸ್ಯ: ಆ ನಾಲ್ಕನೇ ವರ್ಷವೇ ದಂಡ. ನನ್ನ ತಮ್ಮ ಮೂರು ವರ್ಷಕ್ಕೇ ಕೆಲಸಕ್ಕೆ ಸೇರಿದ.

ಕೆಂಗೇರಿಯ ಸದಸ್ಯೆ: ನಾಲ್ಕು ವರ್ಷ ಓದಿದವರು ಎಂ.ಎ.ನ ಎರಡರ ಬದಲು ಒಂದೇ ವರ್ಷದಲ್ಲಿ ಮುಗಿಸಬಹುದು, ಒಂದು ವರ್ಷ ಉಳಿಯುತ್ತಲ್ರೀ, ಅದು ದಂಡನಾ?

ಮಲ್ಲೇಶ್ವರದ ಸದಸ್ಯ: ಎಲ್ಲಿ ಉಳಿಯುತ್ತೆ? ಒಂದು ವರ್ಷದ ಎಂ.ಎ. ಎಲ್ಲ ಕಡೆ ಇದೆಯಾ?

ಕೆಂಗೇರಿಯ ಸದಸ್ಯೆ: ನಿಮ್ಮ ತಮ್ಮನಿಗೆ ಬೇಡ ಅಂದ್ರೆ ಊರಿಗೆಲ್ಲ ಬೇಡವಾ? ನನ್ನ ಮಗಳು ಐಐಎಸ್‌ಸಿಲಿ ನಾಲ್ಕು ವರ್ಷದ್ದೇ ಓದ್ತಿರೋದು.

ಮಲ್ಲೇಶ್ವರದ ಸದಸ್ಯ: ಐಐಎಸ್‌ಸಿ ಮಾತು ಇಲ್ಲಿ ಯಾಕ್ರೀ? ಸಣ್ಣಪುಟ್ಟ ಕಾಲೇಜಲ್ಲಿ ಸಂಶೋಧನೆಗೆ ಗೈಡೇ ಇರಲ್ಲ!

ಪ್ರಾಧ್ಯಾಪಕಿ: ಇಬ್ಬರೂ ನಿಲ್ಲಿಸಿ. ಸೇರಬೇಕಾದ ವಿವಿಯಲ್ಲಿ ಒಂದು ವರ್ಷದ ಎಂ.ಎ. ಇದ್ದರೆ ಮಾತ್ರ ವರ್ಷ ಉಳಿಯುತ್ತೆ.

ಪೀಣ್ಯದ ತಂದೆ: ಮೇಡಂ, 2024ರಲ್ಲಿ ಸೇರಿದವರಿಗೆ ನಾಲ್ಕನೇ ವರ್ಷ ಇದೆಯಾ?

ಪ್ರಾಧ್ಯಾಪಕಿ: ಮೇಲೆ ಓದಿ.

ವಿಜಯನಗರದ ವಿದ್ಯಾರ್ಥಿನಿ: ಅಪ್ಪ ದುಡ್ಡು ಕೊಟ್ಟಿಲ್ಲ ಮೇಡಂ. ನಾಳೆ ಕಾಲೇಜಲ್ಲಿ ಏನು ಕೇಳಲಿ?

ಪ್ರಾಧ್ಯಾಪಕಿ: ಒಳ್ಳೇದಾಯ್ತಮ್ಮ. ಏಳನೇ ಸೆಮಿಸ್ಟರಿಗೆ ಅರ್ಥಶಾಸ್ತ್ರ ನಡೆಸುತ್ತಾರಾ, ಪಾಠಕ್ಕೆ ಕಾಯಂ ಅಧ್ಯಾಪಕರು ಯಾರು, ಪೇಪರ್‌ಗಳು ಯಾವುವು ಅಂತ ಕೇಳು. ಅಂಕಿಅಂಶದ ಪೇಪರ್ ಇದ್ದರೆ ಬಿಡಬೇಡ. ನಾಲ್ಕೈದೇ ಜನ, ನಡೆಸಲ್ಲ ಅಂದರೆ ಬೇರೆ ಕಾಲೇಜಿಗೆ ಹೋಗಲು ವಿವಿ ಬಿಡುತ್ತಾ ಅಂತ ಬರಹದಲ್ಲಿ ಕೇಳಿ, ಆ ಪತ್ರದ ಪ್ರತಿ ಇಟ್ಟುಕೊ.