‘ಆಲ್ದೋ’ ಹಾಕಿದ ಮೇಲೆ ‘ಬಟ್’ ಯಾಕೆ ಬರಬಾರದು?

ಸಿದ್ದಾಪುರ_ಪಾಠ:
ನಮಸ್ಕಾರ. ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ವಾಕ್ಯ ಜೋಡಣೆ ಹೇಳಿಕೊಡಬೇಕಾಗಿದೆ. ‘ಮಳೆ ಹೊಯ್ಯುತ್ತಿದ್ದರೂ ಕೆಲಸದವರು ಬಂದರು’ ಅಂತ ಕೊಟ್ಟರೆ ಹೆಚ್ಚಿನವರು ಬರೆಯುವುದು ಹೀಗೆ: ‘ಆಲ್ದೋ ಇಟ್ ವಾಸ್ ರೈನಿಂಗ್, ಬಟ್ ದ ವರ್ಕರ್ಸ್ ಕೇಮ್.’ ತಪ್ಪು ಅಂತ ಕೆಂಪು ಗೆರೆ ಎಳೆಯಬಹುದು, ಆದರೆ ಕಾರಣ ಹೇಳುವುದು ಹೇಗೆ? ಇನ್ನೊಂದು, ‘ಹೌಎವರ್’ ಹಿಂದೆ ಕಾಮಾನಾ, ಫುಲ್‌ಸ್ಟಾಪಾ?

ಕಾಫಿಕಣ:
ಮೊದಲು ಕ್ಲಾಜ್ ಗುರುತಿಸುವುದನ್ನು ಕಲಿಸಿ. ಕಾಲ ತೋರಿಸುವ ಕ್ರಿಯಾಪದ ಹುಡುಕಬೇಕು, ಅದಕ್ಕೆ ಕರ್ತೃ ಇದೆಯಾ ನೋಡಬೇಕು. ಎರಡೂ ಇದ್ದರೆ ಕ್ಲಾಜ್. ‘ಆಫ್ಟರ್ ದ ಹಾರ್ವೆಸ್ಟ್’ ಬರೀ ಫ್ರೇಸ್. ‘ಆಫ್ಟರ್ ದ ಹಾರ್ವೆಸ್ಟ್ ಎಂಡೆಡ್’ ಕ್ಲಾಜ್. ‘ಡ್ರೈಯಿಂಗ್ ದ ಕಾಫಿ’ಯಲ್ಲಿ ಕ್ರಿಯೆ ಇದೆ, ಕಾಲ ಇಲ್ಲ. ಭಾಷಾವಿಜ್ಞಾನದವರು ಅದನ್ನೂ ಕ್ಲಾಜ್ ಎನ್ನುತ್ತಾರೆ. ಶಾಲೆಯ ಲೆಕ್ಕಕ್ಕೆ ಫ್ರೇಸ್ ಅಂತಲೇ ಇಟ್ಟುಕೊಳ್ಳಿ.

ಈಗ ‘ಬಟ್’ ವಿಷಯ. ನಮ್ಮ ‘ಹೊಯ್ಯುತ್ತಿದ್ದರೂ’ದಲ್ಲಿ ‘ಊ’ ಕ್ರಿಯಾಪದದ ಬಾಲಕ್ಕೆ ಅಂಟಿದೆ, ಅಂದರೆ ಸರಿಯಾಗಿ ಎರಡು ಮಾತಿನ ಕೀಲಿನಲ್ಲೇ ಕೂತಿದೆ. ಇಂಗ್ಲಿಷ್ ಆ ಕೊಂಡಿಯನ್ನು ಎತ್ತಿ ಕ್ಲಾಜಿನ ತಲೆಗೆ ಇಡುತ್ತದೆ. ಕೀಲಿನ ಜಾಗದಲ್ಲಿ ಉಳಿಯುವುದು ಒಂದು ಕಾಮಾ ಮಾತ್ರ. ಮಗುವಿಗೆ ಅಲ್ಲಿ ಏನೋ ಬಿಟ್ಟುಹೋದ ಹಾಗೆ ಕಾಣುತ್ತದೆ, ‘ಬಟ್’ ತುರುಕುತ್ತದೆ. ‘ಬಿಕಾಸ್’ ಇದ್ದಲ್ಲಿ ‘ಸೋ’ ಬರುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವ ಮಕ್ಕಳದ್ದೂ ಅದೇ ಕಥೆ, ಅವುಗಳಲ್ಲೂ ಕ್ರಿಯಾಪದ ಕೊನೆಗೇ ಬರುವುದು.

ವ್ಯಾಕರಣದ ಕಾರಣ ಹೀಗಿದೆ. ‘ಆಲ್ದೋ’ ತನ್ನ ಕ್ಲಾಜನ್ನು ಅಧೀನ ಮಾಡುತ್ತದೆ. ‘ಬಟ್’ ಸಮಾನವಾದ ಎರಡನ್ನು ಮಾತ್ರ ಜೋಡಿಸುತ್ತದೆ. ಒಂದು ಅಧೀನ, ಒಂದು ಪ್ರಧಾನ ಆದಮೇಲೆ ಸಮಾನತೆ ಎಲ್ಲಿ? ಎರಡು ಕ್ಲಾಜಿಗೆ ಒಂದೇ ಕೊಂಡಿ. ‘ಇಫ್–ದೆನ್’ ನಡೆಯುತ್ತದಲ್ಲ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ: ಅಲ್ಲಿ ‘ದೆನ್’ ಕ್ರಿಯಾವಿಶೇಷಣ, ಕೊಂಡಿಯಲ್ಲ.

ಮಡಿಕೇರಿ_ಮಂಜು:
‘ಹೌಎವರ್’ ಕೂಡ ಕೊಂಡಿಯಲ್ಲ, ಕ್ರಿಯಾವಿಶೇಷಣ. ಹಾಗಾಗಿ ಬರೀ ಕಾಮಾ ಹಾಕಿದರೆ ಎರಡು ಪೂರ್ಣ ವಾಕ್ಯ ಅಂಟಿಕೊಂಡ ತಪ್ಪಾಗುತ್ತದೆ. ಹಿಂದೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್, ಮುಂದೆ ಕಾಮಾ: ‘ಇಟ್ ರೇನ್ಡ್; ಹೌಎವರ್, ದ ವರ್ಕರ್ಸ್ ಕೇಮ್.’ ‘ದೇರ್‌ಫೋರ್’, ‘ಮೋರೋವರ್’ ಇವಕ್ಕೂ ಹಾಗೆಯೇ.

ಉರು ಹೊಡೆಸುವ ಬದಲು ಜರುಗಿಸಿ ನೋಡಲು ಹೇಳಿ. ಪದವನ್ನು ತನ್ನ ಕ್ಲಾಜಿನ ಒಳಗೆ ತಳ್ಳಬಹುದಾದರೆ (‘ದ ವರ್ಕರ್ಸ್, ಹೌಎವರ್, ಕೇಮ್’) ಅದು ಕ್ರಿಯಾವಿಶೇಷಣ. ಪದ ಅಲುಗದು, ಆದರೆ ಇಡೀ ಕ್ಲಾಜ್ ವಾಕ್ಯದ ಹಿಂದಕ್ಕೂ ಮುಂದಕ್ಕೂ ಹೋಗುತ್ತದೆ ಅಂದರೆ ‘ಆಲ್ದೋ’, ‘ಬಿಕಾಸ್’, ‘ವೆನ್’ ಗುಂಪು. ಎರಡೂ ಜರುಗದಿದ್ದರೆ ‘ಆಂಡ್’, ‘ಬಟ್’, ‘ಆರ್’, ‘ನಾರ್’, ‘ಫಾರ್’, ‘ಸೋ’, ‘ಯೆಟ್’ ಗುಂಪು. ಈ ಏಳನ್ನು ಬೇಕಾದರೆ ಬಾಯಿಪಾಠ ಮಾಡಿಸಿ, ತಪ್ಪಿಲ್ಲ.

ಏಲಕ್ಕಿಮಲೆ:
ಒಂದು ತಕರಾರು. ‘ದೋ’ ಆದಮೇಲೆ ‘ಯೆಟ್’ ಬಂದರೆ ಕೆಂಪು ಗೆರೆ ಬೇಡ. ಹಳೆಯ ವ್ಯಾಕರಣಗಳಲ್ಲಿ ಅದು ಒಪ್ಪಿತ ಜೋಡಿ, 1611ರ ಇಂಗ್ಲಿಷ್ ಬೈಬಲಿನಲ್ಲೂ ಇದೆ. ಇಂದಿನ ಕಿವಿಗೆ ಹಳತಾಗಿ ಕೇಳಿಸುತ್ತದೆ, ಅಷ್ಟೇ. ‘ಬಟ್’ಗೆ ಮಾತ್ರ ಆ ರಿಯಾಯಿತಿ ಇಲ್ಲ.

‘ಬಿಕಾಸ್’ನಿಂದ ವಾಕ್ಯ ಶುರು ಮಾಡಲೇಬಾರದು ಅನ್ನುವ ನಿಯಮವನ್ನೂ ದಯವಿಟ್ಟು ಕಲಿಸಬೇಡಿ. ಅದಾದ ಮೇಲೆ ಪ್ರಧಾನ ಕ್ಲಾಜ್ ಬಂದರೆ ಸರಿ. ‘ಬಿಕಾಸ್ ದ ಪವರ್ ಫೇಲ್ಡ್.’ ಅಂತ ಅಲ್ಲಿಗೇ ನಿಲ್ಲಿಸಿದರೆ ಅರೆವಾಕ್ಯ.

‘ಡಿಸ್ಪೈಟ್’ ಮುಂದೆ ನಾಮಪದ: ‘ಡಿಸ್ಪೈಟ್ ದ ರೇನ್’. ‘ಡಿಸ್ಪೈಟ್ ಇಟ್ ರೇನ್ಡ್’ ಆಗದು. ‘ಬಿಕಾಸ್ ಆಫ್’ಗೂ ಇದೇ ಕಟ್ಟು.

ಸಿದ್ದಾಪುರ_ಪಾಠ:
ಜರುಗಿಸುವ ಉಪಾಯ ಚೆನ್ನಾಗಿದೆ, ನಾಳೆಯೇ ಬೋರ್ಡಿಗೆ ಹಾಕುತ್ತೇನೆ. ‘ಅನ್‌ಲೆಸ್’ ಬಗ್ಗೆಯೂ ಯಾರಾದರೂ ಹೇಳಿ. ಅಲ್ಲಿ ಮಕ್ಕಳು ‘ನಾಟ್’ ಬಿಡುವುದೇ ಇಲ್ಲ.

ಕಾಫಿಕಣ:
ನಮ್ಮ ‘ಬರದಿದ್ದರೆ’ಯಲ್ಲಿ ‘ಇಲ್ಲ’ ಕ್ರಿಯಾಪದದೊಳಗೇ ಇದೆ ನೋಡಿ, ಅದಕ್ಕೆ. ‘ಅನ್‌ಲೆಸ್’ ಆ ‘ಇಲ್ಲ’ವನ್ನು ಮೊದಲೇ ನುಂಗಿಕೊಂಡಿದೆ. ‘ಅನ್‌ಲೆಸ್ ಇಟ್ ರೇನ್ಸ್ ಇನ್ ಮಾರ್ಚ್, ವೀ ವಿಲ್ ಇರಿಗೇಟ್ ದ ರೋಬಸ್ಟಾ’ ಅಂದರೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತೇವೆ. ‘ಅನ್‌ಲೆಸ್ ಇಟ್ ಡಸ್ ನಾಟ್ ರೇನ್’ ಎಂದು ಬರೆದರೋ, ಮಳೆ ಬಂದ ದಿನವೇ ಸ್ಪ್ರಿಂಕ್ಲರ್ ತಿರುಗಿಸಿದಂತೆ. ತೋಟದ ಮನೆಯ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ನಗುತ್ತಲೇ ತಿದ್ದಿಕೊಳ್ಳುತ್ತಾರೆ. ‘ರೇನ್ಸ್’ ಇರುವಲ್ಲಿ ‘ವಿಲ್ ರೇನ್’ ಕೂಡ ಬೇಡ. ‘ವಿಲ್’ ಪ್ರಧಾನ ಕ್ಲಾಜಿಗೆ ಮಾತ್ರ.