ಸಹಾಯ ಬೇಕು: ಕ್ರಿಸ್‌ಮಸ್ ಕುಸ್ವಾರಿಗೆ (ಹಬ್ಬದ ಬಗೆಬಗೆಯ ತಿಂಡಿಗಳಿಗೆ) ಗುಳಿಯೊ ಉಂಡೆ ಸಿಡಿಯದಂತೆ ಕರಿಯುವುದು ಹೇಗೆ?

ಗುಂಪಿನ ಅಮ್ಮಂದಿರಿಗೆ, ಅಕ್ಕಂದಿರಿಗೆ ನಮಸ್ಕಾರ. ಈ ಸಲ ಕ್ರಿಸ್‌ಮಸ್‌ಗೆ ದೊಡ್ಡಪ್ಪ, ಚಿಕ್ಕಮ್ಮ, ಅತ್ತೆಯಂದಿರ ಮನೆಯವರೆಲ್ಲ ಮಂಗಳೂರಿನ ನಮ್ಮ ಮನೆಗೇ ಬರುತ್ತಿದ್ದಾರೆ. ಎಲ್ಲರೂ ಒಟ್ಟಿಗೆ ಕೂತು ಕುಸ್ವಾರ್ ಮಾಡಬೇಕು ಅಂತ ಅಜ್ಜಿಯ ಆಸೆ. ಅವರಿಗೀಗ ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಅಳತೆ ಕೇಳಿದರೆ "ಕೈಗೆ ಗೊತ್ತಾಗುತ್ತದೆ ಮಗಾ" ಅನ್ನುತ್ತಾರೆ.

ಕಿಡಿಯೊ ಮಕ್ಕಳ ಪಾಲಿಗೆ. ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಸುತ್ತುವುದು ಅವರಿಗೆ ಆಟ. ಕರ್ಜಿಕಾಯಿಯಂಥ ನೆವ್ರಿಯನ್ನು ಅತ್ತೆ ನೋಡಿಕೊಳ್ಳುತ್ತಾರೆ. ನನ್ನ ಚಿಂತೆಯೆಲ್ಲ ಗುಳಿಯೊದ್ದು. ಅಕ್ಕಿಹಿಟ್ಟನ್ನು ತೆಂಗಿನತುರಿ ಜೊತೆ ಹುರಿದು, ಬಿಸಿ ತೆಂಗಿನಹಾಲಲ್ಲಿ ಕಲಸಿ ಉಂಡೆ ಕಟ್ಟಿ ನೋಡಿದೆ. ಎಣ್ಣೆಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಕೆಲವು ಪಟ್ಟನೆ ಸಿಡಿದವು. ಮಕ್ಕಳು ಸುತ್ತಮುತ್ತ ಇರುವಾಗ ಇದು ನಿಜಕ್ಕೂ ಭಯ. ಹಿಟ್ಟು ಇನ್ನೂ ಹುರಿಯಬೇಕೇ? ಎಣ್ಣೆ ಎಷ್ಟು ಕಾದಿರಬೇಕು? ಉಂಡೆಗೆ ಸೂಜಿಯಿಂದ ಚುಚ್ಚಿದರೆ ಸಾಕೇ? 2 ಕಿಲೋ ಹಿಟ್ಟಿಗೆ ಅಳತೆ ತಿಳಿಸಿದರೆ ದೊಡ್ಡ ಉಪಕಾರ.

ಇನ್ನೊಂದು ಕೇಳಬೇಕಿತ್ತು. ಪಕ್ಕದ ಮನೆಯವರು ಸಸ್ಯಾಹಾರಿಗಳು, ದೀಪಾವಳಿಗೆ ತಪ್ಪದೆ ಚಕ್ಕುಲಿ ಕಳಿಸುತ್ತಾರೆ. ಅವರ ತಟ್ಟೆಗೆಂದು ಮೊಟ್ಟೆ ಹಾಕದೆ ರೋಸ್ ಕುಕ್ಕಿ ಮಾಡಿದರೆ ಗರಿಗರಿಯಾಗಿ ಬರುತ್ತದೆಯೇ, ಅಚ್ಚಿನಿಂದ ಸಲೀಸಾಗಿ ಬಿಡುತ್ತದೆಯೇ? ಮಾಡಿದವರು ದಯವಿಟ್ಟು ಹೇಳಿ.